ನಾಲ್ಕು ಗಂಟೆಯ ಲೈನು

ಮಧ್ಯಾಹ್ನ ಮೂರೂವರೆ ಹೊಡೆಯುವ ಹೊತ್ತಿಗೆ ದ್ಯಾಮಣ್ಣ ಬಾಗಿಲ ಹತ್ತಿರ ಬಂದು ನಿಂತುಬಿಡುತ್ತಿದ್ದ. ಹೆಂಡತಿ ದಾನವ್ವ ಕೆಲಸ ಮುಗಿಸಿ ಬರುವ ವೇಳೆ ಅದು. ಹೆಂಡತಿಯ ಮೇಲೆ ಅಕ್ಕರೆ ಉಕ್ಕಿ ನಿಲ್ಲುತ್ತಿದ್ದನೆಂದು ತಿಳಿಯಬೇಡಿ. ಅವನಿಗೆ ಬೇಕಾಗಿದ್ದುದು ಅವಳ ಕೈಯಲ್ಲಿದ್ದ ಕಾರಿನ ಕೀಲಿ. ಅವಳು ಬೂಟು ಬಿಚ್ಚುವುದರೊಳಗೆ ಕೀಲಿ ಇಸಿದುಕೊಂಡು, ಜಾಕೆಟ್ಟಿನೊಳಗೆ ಕೈ ತೂರಿಸಿಕೊಂಡು, ಡ್ರೈವ್‌ವೇಯಲ್ಲಿ ನಿಂತ ಕಾರಿನೊಳಗೆ ಹೋಗಿ ಕೂತು ಎಂಜಿನ್ನು ಚಾಲೂ ಮಾಡುತ್ತಿದ್ದ. ಕಾರು ಮಾತ್ರ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ.

“ಮನ್ಯಾಗಿನ ಸೋಫಾ ಮುರದ ಬಿದ್ದೈತೇನ್ರಿ?” ಎಂದು ದಾನವ್ವ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. “ನಿಂತ ಗಾಡಿಯೊಳಗ ಗ್ಯಾಸ್ ಸುಡತೀರಲ್ಲ, ನಿಮ್ಮಪ್ಪ ಬಂಕ್ ಇಟ್ಟಾನೇನು?”

“ಸುಮ್ನಿರ ಮಾರಾಯ್ತಿ. ನಾಲ್ಕ ಆಗಾಕ ಬಂತು.”

ಮಿಸಿಸಾಗಾದ ಮೆಡೋವೇಲಿನ ಆ ಸಾಲುಮನೆಗಳ ನೆರೆಹೊರೆಯವರಿಗೂ ಇದು ರೂಢಿಯಾಗಿತ್ತು. ಪಾಪ, ಮುದುಕನಿಗೆ ತಲೆ ಸರಿಯಿಲ್ಲವೇನೋ ಎಂದು ಅವರು ಅಂದುಕೊಂಡಿರಬೇಕು. ತಲೆಯೇನೋ ಸರಿಯಾಗಿಯೇ ಇತ್ತು. ಕೆಟ್ಟದ್ದು ಕಣ್ಣು.

ದ್ಯಾಮಣ್ಣ ಸವದತ್ತಿ ಕಡೆಯವನು. ಅಲ್ಲಿ ಸರಕಾರಿ ಬಸ್ಸಿನ ಡ್ರೈವರಾಗಿದ್ದ. ದಾನವ್ವನ ಅಣ್ಣನ ಬೆನ್ನು ಹತ್ತಿ ಈ ದೇಶಕ್ಕೆ ಬಂದ ಮೇಲೂ ಸ್ಟೇರಿಂಗ್ ಬಿಡಲಿಲ್ಲ. ಬಸ್ಸು ಹೋಗಿ ಟ್ರಕ್ಕು ಬಂತು, ಅಷ್ಟೇ. ಮಿಸಿಸಾಗಾದಲ್ಲಿ ಕಾರಿನ ಬಿಡಿಭಾಗ ತುಂಬಿಕೊಂಡು, ಗಡಿ ದಾಟಿ, ಒಹಾಯೊ, ಕೆಂಟಕಿ, ಟೆನೆಸೀ ಹಾದು ಜಾರ್ಜಿಯಾ, ಅಲಬಾಮಾಕ್ಕೆ ಇಳಿಯುವುದು. ಬರುವಾಗ ಕಾಯಿಪಲ್ಯ, ಕಿತ್ತಳೆ, ಸಿಕ್ಕಿದ್ದನ್ನು ಹೇರಿಕೊಂಡು ವಾಪಸು. ಹೀಗೆ ಹದಿನೆಂಟು ವರ್ಷ. ಇಂಗ್ಲಿಷು ಅವನಿಗೆ ಕೆಲಸಕ್ಕೆ ಬೇಕಾದಷ್ಟೇ ಬರುತ್ತಿತ್ತು. ಗಡಿಯ ಆಫೀಸರರ ಜತೆ ಬೇಕಾದ್ದು ಹೆಚ್ಚೆಂದರೆ ನಾಲ್ಕು ಮಾತು. ಆ ನಾಲ್ಕನ್ನು ಮಾತ್ರ ಗಟ್ಟಿ ಮಾಡಿಕೊಂಡಿದ್ದ.

ಮೊದಲ ವರ್ಷವೇ ಅಲಬಾಮಾದ ಒಂದು ಸಣ್ಣ ಊರಲ್ಲಿ ಟ್ರಕ್ಕಿನ ಬ್ರೇಕು ಕೈಕೊಟ್ಟಿತು. ಅಲ್ಲಿಯ ಗ್ಯಾರೇಜಿನ ಮುದುಕ ಮೆಕ್ಯಾನಿಕ್ಕು ಟ್ರಕ್ಕಿನಡಿ ಮಲಗಿ ಕೆಲಸ ಮಾಡುತ್ತಿದ್ದರೆ, ಮೂಲೆಯಲ್ಲಿ ಜಿಡ್ಡು ಹಿಡಿದ ರೇಡಿಯೋ ಹಾಡುತ್ತಿತ್ತು. ಯಾರೋ ಒಬ್ಬ ಗಿಟಾರು ಹಿಡಿದುಕೊಂಡು ಒಂದು ಮಾತು ಹೇಳಿದ. ಅದೇ ಮಾತನ್ನು ಇನ್ನೊಮ್ಮೆ ಹೇಳಿದ. ಮೂರನೆಯ ಸಲಕ್ಕೆ ಅದಕ್ಕೊಂದು ಉತ್ತರ ಕೊಟ್ಟ. ದ್ಯಾಮಣ್ಣನಿಗೆ ಮಾತು ಒಂದೂ ತಿಳಿಯಲಿಲ್ಲ, ಆದರೆ ಮೈ ಜುಮ್ಮೆಂದಿತು. ಊರಲ್ಲಿ ಅಮಾವಾಸ್ಯೆಯ ಭಜನೆಯಲ್ಲಿ ಅವನಪ್ಪ ಏಕತಾರಿ ಹಿಡಿದು ಹೀಗೇ ಅಲ್ಲವೇ ಹಾಡುತ್ತಿದ್ದದ್ದು? ಒಂದು ನುಡಿ ಎತ್ತುವುದು, ಮತ್ತೆ ಅದನ್ನೇ ಎತ್ತುವುದು, ಕೂತವರೆಲ್ಲ ತಲೆದೂಗಿದ ಮೇಲೆ ಮುಂದಿನ ನುಡಿಗೆ ಹೋಗುವುದು. ಬ್ರೇಕು ರಿಪೇರಿಯಾದ ಮೇಲೂ ಅವನು ಹೊರಡದೆ ಕೂತಿದ್ದನ್ನು ನೋಡಿ ಮೆಕ್ಯಾನಿಕ್ಕು ನಕ್ಕು, ರೇಡಿಯೋದ ದನಿ ಏರಿಸಿದನಂತೆ.

ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. ಮೊದಲು ಬ್ಲೂಸು ಎನ್ನುವ ಆ ಹಾಡು, ಆಮೇಲೆ ಅದೇ ಸೀಮೆಯ ರಾಕು. ಟ್ರಕ್ ಸ್ಟಾಪುಗಳಲ್ಲಿ ಬುಟ್ಟಿಗೆ ಸುರಿದಿಟ್ಟ ಹಳೆಯ ಸೀಡಿಗಳನ್ನು ಹೆಕ್ಕಿ ಹೆಕ್ಕಿ ತಂದ. ಒಂದೊಂದು ಬ್ಯಾಂಡು ಯಾವ ಊರಿನದು, ಆ ಊರು ಯಾವ ಹೊಳೆಯ ದಂಡೆಯ ಮೇಲಿದೆ, ಅಲ್ಲಿ ಹತ್ತಿ ಬೆಳೆಯುತ್ತಾರೋ ಶೇಂಗಾ ಬೆಳೆಯುತ್ತಾರೋ, ಎಲ್ಲ ಅವನಿಗೆ ಬಾಯಿಪಾಠ. ಆ ಊರುಗಳನ್ನೆಲ್ಲ ಅವನು ಟ್ರಕ್ಕಿನಲ್ಲೇ ಹಾದುಹೋಗಿ ಕಂಡಿದ್ದ. ದಾನವ್ವನಿಗೆ ಕೇಳಿಸಲು ಹೋದರೆ, “ಯಾರ ಸತ್ತಾರಂತ ಹಿಂಗ ಒದರಾಕತ್ತಾನ ಅಂವಾ?” ಎಂದು ಎದ್ದುಹೋಗುತ್ತಿದ್ದಳು. ಮಗಳು ಐಶ್ವರ್ಯಾ “ಅಪ್ಪಾ, ಪ್ಲೀಸ್” ಎಂದು ಕಿವಿಗೆ ಇಯರ್‌ಫೋನು ತುರುಕಿಕೊಳ್ಳುತ್ತಿದ್ದಳು. ಒಂದು ರುಚಿ ಹತ್ತಿ, ಅದನ್ನು ಹಂಚಿಕೊಳ್ಳಲು ಎದುರಿಗೆ ಯಾರೂ ಇಲ್ಲದಿದ್ದರೆ ಎಂಥ ಸಂಕಟ ಎಂಬುದು ಅನುಭವಿಸಿದವರಿಗೇ ಗೊತ್ತು.

ಹಂಚಿಕೊಳ್ಳುವವರು ಸಿಕ್ಕಿದ್ದು ಫೋನಿನಲ್ಲಿ. ಪಂಜಾಬಿ ಡ್ರೈವರುಗಳು ದಿನವಿಡೀ ಕಾನ್ಫರೆನ್ಸ್ ಕಾಲಿನಲ್ಲಿ ಹತ್ತು ಹದಿನೈದು ಜನ ಸೇರಿ ಹರಟುತ್ತ ಗಾಡಿ ಓಡಿಸುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದನ್ನು ನೋಡಿ ಕನ್ನಡದ ನಾಲ್ಕು ಜನರೂ ಒಂದು ಲೈನು ಮಾಡಿಕೊಂಡರು. ದ್ಯಾಮಣ್ಣ ಒಬ್ಬ. ಬೈಲಹೊಂಗಲದ ನಿಜಗುಣ ಇನ್ನೊಬ್ಬ, ಒಂಟಾರಿಯೋದೊಳಗೇ ಹಾಲಿನ ಟ್ಯಾಂಕರು ಓಡಿಸುವವನು. ಮೂರನೆಯವನು ಮೈಸೂರಿನ ರಘುನಾಥ. ಸಾಫ್ಟ್‌ವೇರಿನಲ್ಲಿದ್ದು, ಕೆಲಸ ಹೋದ ಮೇಲೆ ಲೈಸೆನ್ಸು ಮಾಡಿಸಿಕೊಂಡು, “ಇಲ್ಲಿ ಮೀಟಿಂಗ್ ಇಲ್ಲ ಕಣ್ರೀ, ಅದೇ ಸ್ವರ್ಗ” ಎನ್ನುತ್ತ ಟ್ರಕ್ಕು ಹತ್ತಿದವನು. ನಾಲ್ಕನೆಯವನು ಧಾರವಾಡದ ಶ್ರೀನಾಥ. ವಿಟ್ಬಿಯಲ್ಲಿ ಮನೆ, ನಲವತ್ತು ದಾಟಿದ ವಯಸ್ಸು, ಮೆತ್ತಗಿನ ಮಾತು.

ಮೊದಮೊದಲು ಲೈನಿನಲ್ಲಿ ಬರೀ ಹರಟೆ. ಒಂದು ಸಂಜೆ ದ್ಯಾಮಣ್ಣ ಒಂದು ಹಾಡಿನ ಕತೆ ಹೇಳಿ, “ಎಲ್ಲಾರೂ ನಿಮ್ಮ ನಿಮ್ಮ ಗಾಡಿಯೊಳಗ ಹಚ್ಚರಿ. ನಾ ಮೂರ ಅಂದ ಕೂಡ್ಲೇ ಒತ್ತರಿ” ಎಂದ. ಫೋನಿನಲ್ಲಿ ಹಾಡು ಕಳಿಸಿದರೆ ಗೊರಗೊರ ಎನ್ನುತ್ತದೆ. ಅದಕ್ಕೇ ಈ ಉಪಾಯ. ಒಂದು, ಎರಡು, ಮೂರು. ನಾಲ್ಕು ಗಾಡಿಗಳಲ್ಲಿ ಒಂದೇ ಸಲಕ್ಕೆ ಅದೇ ಹಾಡು. ಲೈನಿನಲ್ಲಿ ಎಂಜಿನ್ನುಗಳ ಗುಂಯ್‌ ಸದ್ದು ಬಿಟ್ಟರೆ ಮಾತಿಲ್ಲ. ಹಾಡು ಮುಗಿದ ಮೇಲೆ ಒಬ್ಬೊಬ್ಬರೂ ಭಜನೆಯಲ್ಲಿ ಕೂತವರಂತೆ “ಹೂಂ” ಎಂದರು. ಅಂದಿನಿಂದ ವಾರದ ದಿನಗಳಲ್ಲಿ ಸಂಜೆ ನಾಲ್ಕಕ್ಕೆ ಹಾಡು ಎಂದು ನಿಗದಿಯಾಯಿತು.

ಶ್ರೀನಾಥನಂತೂ ಆ ಹಾಡುಗಳಿಗೆ ಸೋತೇಹೋದ. “ದ್ಯಾಮಣ್ಣಾರ, ಆ ಗಿಟಾರ್ ಅಳಾಕತ್ತದಲ್ರಿ, ಅದು ಹೆಂಗ?” ಎಂದು ಕೇಳುತ್ತಿದ್ದ.

“ಬಾಟ್ಲಿ ಕುತ್ತಿಗಿ ಬೆರಳಿಗೆ ಸಿಗಿಸಿ ತಂತಿ ಮ್ಯಾಲ ಜಾರಸ್ತಾನಪಾ. ದುಃಖಕ್ಕ ಮೆಟ್ಟಿಲ ಇರೂದಿಲ್ಲ, ಅದು ಜಾರಕೋತನ ಬರತೈತಿ.”

ಇಂಥ ಮಾತು ದ್ಯಾಮಣ್ಣನ ಬಾಯಿಂದ ಬೇರೆಲ್ಲೂ ಬರುತ್ತಿರಲಿಲ್ಲ. ಮನೆಯಲ್ಲಿ ಅವನು ಉಪ್ಪು ಹೆಚ್ಚಾಯಿತು ಎನ್ನುವುದಕ್ಕಷ್ಟೇ ಬಾಯಿ ತೆರೆಯುವವನು. ಲೈನಿನಲ್ಲಿ ಅವನು ಬೇರೆಯೇ ಮನುಷ್ಯ. ಅಲ್ಲಿ ಅವನ ಮಾತಿಗೆ ಮೂವರು ಕಿವಿಗೊಟ್ಟು ಕಾಯುತ್ತಿದ್ದರು.

ಲೈನಿಗೆ ಎರಡು ನೇಮಗಳಿದ್ದವು. ಹಾಡಿನ ನಡುವೆ ಯಾರೂ ಉಸಿರೆತ್ತಬಾರದು ಎಂಬುದು ಒಂದು. ಎರಡನೆಯದಕ್ಕೆ ನಿಜಗುಣನೇ ಕಾರಣ. ರಜೆಯ ದಿನ ಅವನು ಮನೆಯಿಂದಲೇ ಲೈನಿಗೆ ಬಂದಿದ್ದ. ಹಾಡು ಕರುಳು ಹಿಂಡುವಲ್ಲಿಗೆ ಬಂದಾಗ ಅವನ ಮನೆಯ ಕುಕ್ಕರು ಮೂರು ಸಲ ಕೂಗಿತು, ಆಮೇಲೆ ಅವನ ಹೆಂಡತಿ ಕೂಗಿದಳು. ದ್ಯಾಮಣ್ಣ ಕೆಂಡಾಮಂಡಲವಾದ. “ಇನ್ನ ಮ್ಯಾಲ ಸ್ಟೇರಿಂಗ್ ಮುಂದ ಕುಂತಾವಗ ಅಷ್ಟ ಲೈನು. ಮನ್ಯಾಗಿದ್ದಾವ ಮನಿ ನೋಡಕೋಬೇಕು” ಎಂದು ಕಡ್ಡಿ ಮುರಿದಂತೆ ಹೇಳಿದ. ಎಲ್ಲರೂ ಒಪ್ಪಿದರು. ರಘುನಾಥ ಬೆನ್ನುನೋವೆಂದು ಎರಡು ತಿಂಗಳು ಮನೆಯಲ್ಲಿ ಬಿದ್ದುಕೊಂಡಾಗ ಎಷ್ಟು ಗೋಗರೆದರೂ ದ್ಯಾಮಣ್ಣ ಸೇರಿಸಿಕೊಳ್ಳಲಿಲ್ಲ.

ಆ ನೇಮವೇ ತಿರುಗಿ ಅವನ ಕೊರಳಿಗೆ ಸುತ್ತಿಕೊಂಡಿತು.

ಸಕ್ಕರೆ ಕಾಯಿಲೆ ಅವನಿಗೆ ಬಹಳ ವರ್ಷದಿಂದ ಇತ್ತು. ಟ್ರಕ್ ಸ್ಟಾಪಿನ ಊಟ, ಹೊತ್ತುಗೊತ್ತಿಲ್ಲದ ನಿದ್ದೆ, ಮಾತ್ರೆ ನೆನಪಾದರೆ ಉಂಟು ಇಲ್ಲದಿದ್ದರೆ ಇಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಎಡಗಣ್ಣಿನ ಮುಂದೆ ಪರದೆ ಇಳಿಬಿಟ್ಟಂತಾಯಿತು. ಡಾಕ್ಟರು ಆ ಕಣ್ಣು ಇನ್ನು ಬರುವುದಿಲ್ಲ ಎಂದರು. ದೊಡ್ಡ ಗಾಡಿಯ ಲೈಸೆನ್ಸು ಹೋಯಿತು. ಕಂಪನಿಯವರು ಕೈಕುಲುಕಿ, ಒಂದು ಕೇಕು ಕತ್ತರಿಸಿ ಮನೆಗೆ ಕಳಿಸಿದರು. ದಾನವ್ವ ಶಾಲೆಯೊಂದರಲ್ಲಿ ಕಸ ಗುಡಿಸಿ ನೆಲ ಒರೆಸುವ ಕೆಲಸ ಮಾಡುತ್ತಿದ್ದಳು. ಮನೆ ಹೇಗೋ ನಡೆಯುತ್ತಿತ್ತು. ಅಳಲಿಲ್ಲ ದ್ಯಾಮಣ್ಣ. ಒಂದೇ ಒಂದು ಚಿಂತೆ ಅವನನ್ನು ತಿಂದುಹಾಕಿತು: ಇನ್ನು ನಾಲ್ಕು ಗಂಟೆಗೆ ಏನು ಮಾಡುವುದು?

ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಮೂವರೂ, ನೇಮ ಹಾಳಾಗಲಿ, ನೀವು ಬನ್ನಿ ಎನ್ನುತ್ತಿದ್ದರು. ಆದರೆ ಕನಿಕರದ ಮೇಲೆ ಲೈನಿನಲ್ಲಿ ಕೂರುವುದು ಅವನಿಗೆ ಬೇಡವಾಗಿತ್ತು. ಬೆನ್ನುನೋವಿನ ರಘುನಾಥನನ್ನು ಹೊರಗಿಟ್ಟ ಬಾಯಲ್ಲಿ ಈಗ ನನ್ನನ್ನು ಒಳಗೆ ಬಿಡಿ ಎಂದು ಕೇಳುವುದಾದರೂ ಹೇಗೆ? ಜಂಬ ಎನ್ನಿ, ಅಭಿಮಾನ ಎನ್ನಿ. ಮೊದಲ ದಿನ ಕಾರಿನಲ್ಲಿ ಹೋಗಿ ಕೂತು, ಹೀಟರಿನ ಫ್ಯಾನು ಜೋರಾಗಿ ತಿರುವಿ, “ಎಲ್ಲಿ ಅದೀರಿ?” ಎಂದು ನಿಜಗುಣ ಕೇಳಿದ್ದಕ್ಕೆ, “ಟೆನೆಸೀದಾಗಪಾ, ಕಂಪನಿ ಬದ್ಲಿ ಮಾಡೀನಿ” ಎಂದುಬಿಟ್ಟ. ಸುಳ್ಳು ಸಲೀಸಾಗಿ ಬಂತು. ಯಾರಿಗೂ ಅನುಮಾನ ಬರಲಿಲ್ಲ.

ಆಮೇಲೆ ಅದೊಂದು ದಿನನಿತ್ಯದ ಕಸುಬಾಯಿತು. ಮಧ್ಯಾಹ್ನ ಊಟವಾದ ಮೇಲೆ ಫೋನಿನ ನಕಾಶೆ ತೆರೆದು, ಒಂದೇ ಕಣ್ಣನ್ನು ಅದರ ಹತ್ತಿರ ಒಯ್ದು, ಇವತ್ತು ತಾನೆಲ್ಲಿರಬೇಕು ಎಂದು ಗೊತ್ತುಮಾಡಿಕೊಳ್ಳುತ್ತಿದ್ದ. ಅಲ್ಲಿ ಮಳೆಯೋ ಬಿಸಿಲೋ ನೋಡಿಟ್ಟುಕೊಳ್ಳುತ್ತಿದ್ದ. ಮಾತಾಡುತ್ತ ಆಗಾಗ ಲೇನ್ ಬದಲಿಸುವವನಂತೆ ಇಂಡಿಕೇಟರು ಹಾಕುತ್ತಿದ್ದ. ಟಿಕ್ ಟಿಕ್ ಸದ್ದು ಲೈನಿನಲ್ಲಿ ಕೇಳಿಸಲಿ ಎಂದು. ಶ್ರೀನಾಥ ಎಲ್ಲಿರುತ್ತಾನೋ ಅದರಿಂದ ದೂರದ ರಸ್ತೆಯನ್ನೇ ಆರಿಸಿಕೊಳ್ಳುತ್ತಿದ್ದ. ಯಾಕೆಂದರೆ ಶ್ರೀನಾಥನಿಗೆ ಅವನನ್ನು ಕಾಣುವ ಹಂಬಲ. “ಒಮ್ಮೆರ ಇಬ್ರೂ ಕೂಡಿ ಚಹಾ ಕುಡಿಯೂಣ್ರಿ, ನೀವ್ ಹೇಳಿದ ಆ ಊರಾಗ” ಎನ್ನುತ್ತಿದ್ದ. “ಮುಂದಿನ ಟ್ರಿಪ್ಪಿಗೆ” ಎಂದು ದ್ಯಾಮಣ್ಣ ಜಾರಿಕೊಳ್ಳುತ್ತಿದ್ದ.

ಶ್ರೀನಾಥನ ಆ ಹಂಬಲಕ್ಕೆ ಕಾರಣವಿತ್ತು. ಅವನು ಟ್ರಕ್ಕು ಹತ್ತಿದ ಮೊದಲ ಚಳಿಗಾಲ, ಕೆಂಟಕಿಯಲ್ಲಿ ಹಿಮಕ್ಕೆ ಗಾಡಿ ಜಾರಿ ಚರಂಡಿಗಿಳಿದಿತ್ತು. ಅಂದು ನಿಜವಾಗಿಯೂ ಹಿಂದೆಯೇ ಬರುತ್ತಿದ್ದ ದ್ಯಾಮಣ್ಣ ಗಾಡಿ ನಿಲ್ಲಿಸಿ, ಕ್ರೇನು ಬರುವ ತನಕ ಅವನ ಪಕ್ಕ ಕೂತು, ಬುತ್ತಿಯ ರೊಟ್ಟಿ, ಶೇಂಗಾ ಹಿಂಡಿ ತಿನ್ನಿಸಿ, ಕಂಪನಿಯವರ ಬೈಗುಳ ತಾನು ಕೇಳಿಸಿಕೊಂಡಿದ್ದ. ಅಂದಿನಿಂದ ಶ್ರೀನಾಥನಿಗೆ ದ್ಯಾಮಣ್ಣನ ಮೇಲೆ ದೇವರಿಗಿಂತ ಒಂದು ಕೈ ಹೆಚ್ಚೇ ಭರವಸೆ.

ದಾನವ್ವನಿಗೆ ಎಲ್ಲ ಗೊತ್ತಿತ್ತು. “ಹೇಳಿಬಿಡ್ರಿ” ಎಂದು ಒಮ್ಮೆ ಊಟಕ್ಕೆ ಬಡಿಸುತ್ತ ಹೇಳಿದಳು. “ಅವ್ರೇನ್ ಬ್ಯಾರೇದಾವ್ರಾ? ಕಣ್ಣ ಹೋಗೂದ ಏನ ಕಳ್ಳತನ ಏನ್ರಿ?”

“ಹೇಳತೀನಿ. ಹಬ್ಬ ಆಗ್ಲಿ.”

ದೀಪಾವಳಿ ಆಯಿತು, ಸಂಕ್ರಾಂತಿಯೂ ಆಯಿತು. ಹೇಳಲಿಲ್ಲ.

ಮಾರ್ಚಿನ ಒಂದು ದಿನ ಡ್ರೈವ್‌ವೇಯ ಅಂಚಿನ ಹಿಮ ಕರಗಿ ಕೊಚ್ಚೆಯಾಗಿತ್ತು. ದ್ಯಾಮಣ್ಣ ಅಂದು ಆರಿಸಿದ್ದು ಜಾರ್ಜಿಯಾದ ಹಳೆಯ ಬ್ಯಾಂಡೊಂದು ಜನರ ಮುಂದೆ ನುಡಿಸಿದ ಉದ್ದನೆಯ ಹಾಡು. ಇಪ್ಪತ್ತು ಮಿನಿಟಿಗೂ ಮಿಕ್ಕಿದ್ದು. ಬಹಳ ದಿನದಿಂದ ಅದನ್ನು ಕೇಳಿಸಬೇಕೆಂದು ಕೂಡಿಟ್ಟುಕೊಂಡಿದ್ದ. ಲೈನಿಗೆ ಬಂದಾಗ ನಿಜಗುಣ ಒಂಟಾರಿಯೋದ ನ್ಯೂಮಾರ್ಕೆಟ್ಟಿನ ಹತ್ತಿರವಿದ್ದ, ರಘುನಾಥ ಟೆನೆಸೀಯಲ್ಲಿದ್ದ.

“ನಾ ಜಾರ್ಜಿಯಾದಾಗ ಮೇಕನ್ ದಾಟಿದೆ ನೋಡ್ರಿ. ಫ್ಲೋರಿಡಾಕ್ಕ ಹೊಂಟೀನಿ” ಎಂದ ಶ್ರೀನಾಥ. ಅವನ ದನಿಯಲ್ಲಿ ಎಂದಿನ ಕಳೆ ಇರಲಿಲ್ಲ. “ಯಾಕೋ ಇವತ್ತ ಮೈಯಾಗ ಹುರುಪಿಲ್ಲ. ಒಬ್ನ ಅದೀನಿ ಅನ್ನಿಸ್ಲಿಕ್ಕತ್ತದ. ನೀವೆಲ್ಲಿದ್ದೀರಿ ದ್ಯಾಮಣ್ಣಾರ?”

ದ್ಯಾಮಣ್ಣ ಆ ದಿನಕ್ಕೆ ಅಲಬಾಮಾ ಎಂದು ಗೊತ್ತುಮಾಡಿಕೊಂಡಿದ್ದ. ಆದರೆ ಆ ಮಂಕು ದನಿಯನ್ನು ಹಾಗೇ ಬಿಡಲಾಗಲಿಲ್ಲ. “ನಿನ್ನ ಹಿಂದ ಅದೀನೋ ಹುಚ್ಚಾ. ಹತ್ತ ಹನ್ನೆರಡ ಮೈಲಿನ್ಯಾಗ” ಎಂದುಬಿಟ್ಟ.

“ಖರೇನ?” ಶ್ರೀನಾಥನ ದನಿ ಅರಳಿತು. “ಹಂಗಾರ ಇವತ್ತ ಚಹಾ ಆಗೇ ಆಗ್ತದ. ನೀವ್ ಹಿಂದ ಅದೀರಿ ಅಂದ್ರ ಸಾಕು ಬಿಡ್ರಿ, ನನಗೇನ್ ಚಿಂತಿಲ್ಲ.”

ಆಡಿದ ಮೇಲೆ ದ್ಯಾಮಣ್ಣ ನಾಲಿಗೆ ಕಚ್ಚಿಕೊಂಡ. ಇರಲಿ, ಹಾಡು ಮುಗಿದ ಮೇಲೆ ಬೇರೆ ಎಕ್ಸಿಟ್ಟಿನಲ್ಲಿ ಹೆದ್ದಾರಿ ಬಿಟ್ಟು ಇಳಿಯಬೇಕಾಗಿದೆ ಎಂದರಾಯಿತು ಎಂದು ಸಮಾಧಾನ ಮಾಡಿಕೊಂಡ. ಹಾಡಿನ ಕತೆ ಹೇಳಿದ. ಎರಡು ಗಿಟಾರುಗಳು ಮೊದಲು ಜಗಳಾಡುತ್ತವೆ, ಆಮೇಲೆ ಅಣ್ಣತಮ್ಮಂದಿರಂತೆ ಹೆಗಲ ಮೇಲೆ ಕೈಹಾಕಿಕೊಂಡು ಹೊರಡುತ್ತವೆ, ಅದನ್ನು ಕೇಳಿರಿ ಎಂದ. ಒಂದು, ಎರಡು, ಮೂರು.

ದ್ಯಾಮಣ್ಣ ಕಣ್ಣು ಮುಚ್ಚಿ ಸ್ಟೇರಿಂಗಿನ ಮೇಲೆ ಕೈಯಿಟ್ಟ. ಕಣ್ಣು ಮುಚ್ಚಿದರೆ ಅವನಿಗೆ ಎರಡೂ ಕಣ್ಣು ಇದ್ದಂತೆಯೇ ಆಗುತ್ತಿತ್ತು. ಕೆಂಪು ಮಣ್ಣು, ಪೈನ್ ಮರಗಳು, ಮುಂದೆ ಎಲ್ಲೋ ಶ್ರೀನಾಥನ ಬಿಳಿ ಟ್ರೇಲರು. ಹಾಡು ಅರ್ಧಕ್ಕೆ ಬಂದಿರಬೇಕು, ಲೈನಿನಲ್ಲಿದ್ದ ಎಂಜಿನ್ನುಗಳ ಸದ್ದಿನಲ್ಲಿ ಒಂದು ನಿಂತಂತಾಯಿತು. ಯಾರೋ ಗಾಡಿ ನಿಲ್ಲಿಸಿದರು ಎಂದುಕೊಂಡ. ಹಾಡಿನಲ್ಲಿ ಗಿಟಾರುಗಳು ಆಗಷ್ಟೇ ರಾಜಿಯಾಗುತ್ತಿದ್ದವು. ಅವನು ಅದರ ಬೆನ್ನುಹತ್ತಿ ಹೋದ.

ಹಾಡು ಮುಗಿಯಿತು. ನಿಜಗುಣ “ಹೂಂ” ಎಂದ. ರಘುನಾಥ “ಹೂಂ” ಎಂದ. ಮೂರನೆಯ ಹೂಂ ಬರಲಿಲ್ಲ.

“ಶ್ರೀನಾಥ, ನಿದ್ದಿ ಹತ್ತಿತೇನ?” ಎಂದು ದ್ಯಾಮಣ್ಣ ನಗುತ್ತ ಕೇಳಿದ.

“ಇಲ್ರಿ.” ದನಿ ದೂರದಿಂದ ಬಂದಂತಿತ್ತು. “ನಾ ರೆಸ್ಟ್ ಏರಿಯಾದಾಗ ನಿಂತೀನ್ರಿ. ಆಗ್ಲೇ ನಿಂತೆ. ಎದಿ ಒತ್ತಿ ಹಿಡದಂಗ ಆಗೇದ. ಬೆವರು ಭಾಳ. ಎಡಗೈ ಎತ್ಲಿಕ್ಕೆ ಬರವಲ್ದು.”

“ಅಯ್ಯೋ, ಹೇಳಬಾರ್ದಿತ್ತೇನೋ!” ಎಂದ ನಿಜಗುಣ.

“ಹಾಡಿನ ನಡುವ ಹೆಂಗ ಮಾತಾಡೂದು? ಮತ್ತ ದ್ಯಾಮಣ್ಣಾರು ಹಿಂದ್ಲೇ ಅದಾರಲ್ಲ. ಈಗ ಬರ್ತಾರ. ಬರ್ಲಿ, ಅವ್ರು ನೋಡಿ ಏನ್ ಹೇಳ್ತಾರೋ ಹಂಗ ಮಾಡ್ತೀನಿ.”

ಕಾರಿನ ಕಿಟಕಿಯಾಚೆ ಪಕ್ಕದ ಮನೆಯವನು ಕಸದ ಡಬ್ಬಿ ಎಳೆದುಕೊಂಡು ಹೋಗುತ್ತಿದ್ದ. ದ್ಯಾಮಣ್ಣ ಫೋನನ್ನು ಬಾಯಿಗೆ ಹತ್ತಿರ ಹಿಡಿದ. “ಶ್ರೀನಾಥ, ನೀ ಮೊದ್ಲ ನೈನ್ ಒನ್ ಒನ್ನಿಗೆ ಹಚ್ಚು. ಈಗಿಂದೀಗ” ಎಂದ.

“ಯಾಕ್ರಿ ಸುಮ್ನ? ಗ್ಯಾಸ್ಟ್ರಿಕ್ ಇದ್ರೂ ಇದ್ದೀತು. ಅಂಬುಲೆನ್ಸ್ ಬಂದು ಎಲ್ಲೆಲ್ಲೋ ಒಯ್ದು... ನೀವ್ ಬರ್ಲಿಕ್ಕತ್ತೀರಲ್ಲ. ಈಗ ಎಷ್ಟ್ ಮೈಲು?”

ಆಗಲಾದರೂ ಹೇಳಬೇಕಿತ್ತು ಆ ಮನುಷ್ಯ. ಆಗಲಾದರೂ! ಆದರೆ ಆರು ತಿಂಗಳ ಸುಳ್ಳು ಅಡ್ಡ ಬಂತು. ಅವನ ಬಾಯಿಂದ ಬಂದದ್ದು ಬೇರೆ ಮಾತು. “ಟ್ರಾಫಿಕ್ಕಿನ್ಯಾಗ ಸಿಕ್ಕೀನಪಾ. ತಡಾ ಆಗತೈತಿ. ನೀ ಹಚ್ಚು, ನನ್ನ ಮಾತ ಕೇಳು.”

“ಅಡ್ಡಿಯಿಲ್ರಿ” ಎಂದ ಶ್ರೀನಾಥ. “ಸಾವಕಾಶ ಬರ್ರಿ. ನಾ ಕಾಯ್ತೀನಿ.”

ನಿಜಗುಣನೂ ರಘುನಾಥನೂ ಒಟ್ಟಿಗೇ ಹಚ್ಚು, ಹಚ್ಚು ಎಂದು ಕೂಗಿಕೊಂಡರು. ಶ್ರೀನಾಥ ಅವರ ಮಾತಿಗೆ ಕಿವಿಗೊಡಲಿಲ್ಲ. ದ್ಯಾಮಣ್ಣಾರು ಬರ್ತಾರ, ದ್ಯಾಮಣ್ಣಾರು ಬರ್ತಾರ ಎಂದು ಅದನ್ನೇ ಎರಡು ಸಲ ಹೇಳಿದ. ಉಸಿರು ಎಳೆದುಕೊಳ್ಳುವ ಸದ್ದು ಲೈನಿನ ತುಂಬ ಕೇಳಿಸುತ್ತಿತ್ತು. ದ್ಯಾಮಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

“ನಾ ಬರೂದಿಲ್ಲೋ ಯಪ್ಪಾ!” ಎಂದು ಕಿರುಚಿದ. “ನಾ ಅಲ್ಲಿಲ್ಲ. ಮೆಡೋವೇಲ್ನ್ಯಾಗ ಅದೀನಿ, ನಮ್ಮ ಮನಿ ಮುಂದ, ಕಾರಿನ್ಯಾಗ. ನನ್ನ ಕಣ್ಣ ಹೋಗೇತಿ, ಲೈಸೆನ್ಸ್ ಹೋಗೇತಿ. ಆರ ತಿಂಗ್ಳಾತು ನಾ ಗಾಡಿ ಮುಟ್ಟಿ. ಸುಳ್ಳ ಹೇಳ್ದೆ. ನೀ ಫೋನ್ ಹಚ್ಚು, ನಿನ್ನ ಕಾಲ ಬೀಳತೀನಿ, ಹಚ್ಚು!”

ಆಮೇಲೆ ಶ್ರೀನಾಥ ಮೆಲ್ಲಗೆ, ಸಿಟ್ಟಿಲ್ಲದೆ, “ಹೌದೇನ್ರಿ?” ಎಂದ. ಇನ್ನೊಂದು ಉಸಿರು ತೆಗೆದುಕೊಂಡು, “ಹಂಗಾರ ನನ್ನ ಹಿಂದ ಯಾರೂ ಇಲ್ಲ” ಎಂದ.

ಅದೇ ಕೊನೆ. ಕರೆದರೆ ಓಗೊಡಲಿಲ್ಲ. ಟೆನೆಸೀಯಲ್ಲಿದ್ದ ರಘುನಾಥ ಗಾಡಿ ಬದಿಗೆ ಹಾಕಿ, ಅಲ್ಲಿಯ ನೈನ್ ಒನ್ ಒನ್ನಿನವರಿಗೆ ಮೇಕನ್ನಿನಾಚೆಯ ರೆಸ್ಟ್ ಏರಿಯಾ ಎಂದು ಹೇಳಿ, ಅವರು ಜಾರ್ಜಿಯಾದವರಿಗೆ ಹೇಳಿ, ಅಂಬುಲೆನ್ಸು ಹೋಯಿತು. ಆಸ್ಪತ್ರೆ ಮುಟ್ಟಿಸಿದರು. ಕತ್ತಲಾಗುವುದರೊಳಗೆ ಶ್ರೀನಾಥ ತೀರಿಕೊಂಡ. ಅರ್ಧ ಗಂಟೆ ಮೊದಲು ಬಂದಿದ್ದರೆ ನೋಡಬಹುದಿತ್ತು ಎಂದು ಅಲ್ಲಿಯ ಡಾಕ್ಟರು ಅವನ ಹೆಂಡತಿ ರಾಜಲಕ್ಷ್ಮಿಗೆ ಫೋನಿನಲ್ಲಿ ಹೇಳಿದರಂತೆ.

ದ್ಯಾಮಣ್ಣ ಕಾರಿನಿಂದ ಇಳಿಯಲಿಲ್ಲ. ಬಹಳ ಹೊತ್ತಾದ ಮೇಲೆ ದಾನವ್ವ ಬಂದು ಬಾಗಿಲು ತೆರೆದಾಗ, ಅವನು ಸ್ಟೇರಿಂಗಿಗೆ ಹಣೆ ಬಡಿದುಕೊಂಡು ಬಿಕ್ಕುತ್ತಿದ್ದ. ಏನಾಯಿತೆಂದು ಕೇಳಿ ತಿಳಿದ ದಾನವ್ವ, ನಾ ಹೇಳಿದ್ದೆನಲ್ಲ ಎನ್ನಲಿಲ್ಲ. ಕೀಲಿ ತಿರುವಿ ಎಂಜಿನ್ನು ಆರಿಸಿ, ಮಗುವನ್ನು ಎಬ್ಬಿಸಿಕೊಂಡು ಹೋಗುವಂತೆ ಅವನ ರಟ್ಟೆ ಹಿಡಿದು ಒಳಗೆ ಕರೆದೊಯ್ದಳು.

ಹೆಣ ಬರಲು ಒಂದು ವಾರವೇ ಹಿಡಿಯಿತು. ಆ ವಾರ ದ್ಯಾಮಣ್ಣ ಗಂಜಿ ಬಿಟ್ಟು ಬೇರೇನೂ ಮುಟ್ಟಲಿಲ್ಲ. ನಿಜಗುಣ ಒಮ್ಮೆ ಮನೆಗೆ ಬಂದು ಸೋಫಾದ ತುದಿಯಲ್ಲಿ ಕೂತ. ಅವನ ಮನಸ್ಸಿನಲ್ಲಿ ಸಿಟ್ಟಿತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೂ ಹೇಳಿದ: “ರಾಜಕ್ಕಗ ನಾವ್ ಏನೂ ಹೇಳಿಲ್ಲ. ಲೈನಿನ್ಯಾಗ ಮಾತಾಡ್ಕೋತ ಇದ್ದ, ಎದಿ ನೋವ ಬಂತು, ಅಷ್ಟ. ನೀವೂ ಹೇಳಬ್ಯಾಡ್ರಿ. ಆಕಿ ತಡಕೊಳ್ಳಾಂಗಿಲ್ಲ.”

ಇನ್ನೊಂದು ಸುಳ್ಳನ್ನು ಹೊರುವ ತ್ರಾಣ ತನ್ನಲ್ಲಿಲ್ಲ ಎಂಬುದಷ್ಟೇ ದ್ಯಾಮಣ್ಣನಿಗೆ ಗೊತ್ತಿತ್ತು. ಹೇಳಿಬಿಡಬೇಕು, ಆಕೆ ಉಗಿಯಲಿ, ಕೆನ್ನೆಗೆ ಹೊಡೆಯಲಿ, ಅದನ್ನು ತಿಂದರೆ ಈ ಎದೆಯ ಭಾರ ಎಳ್ಳಷ್ಟಾದರೂ ಇಳಿದೀತು ಎಂದುಕೊಂಡ.

ವಿಟ್ಬಿಯ ಅಂತ್ಯಕ್ರಿಯೆಯ ಭವನದಲ್ಲಿ ಜನ ಬಹಳವಿರಲಿಲ್ಲ. ಕನ್ನಡದ ಕೆಲವು ಸಂಸಾರಗಳು, ಕಂಪನಿಯ ಇಬ್ಬರು, ಶ್ರೀನಾಥನ ಚಿಕ್ಕ ಮಗಳು ಮಾನ್ಯಾಳ ಶಾಲೆಯ ಟೀಚರು. ಹೂವಿನ ನಡುವೆ ಮಲಗಿದ್ದ ಶ್ರೀನಾಥನನ್ನು ದ್ಯಾಮಣ್ಣ ಬಗ್ಗಿ ನೋಡಿದ. ಈ ಮುಖವನ್ನು ಅವನು ಕಂಡದ್ದು ಕೆಂಟಕಿಯ ಆ ಚಳಿಯಲ್ಲಿ, ಆಮೇಲೆ ಒಂದೆರಡು ಹಬ್ಬದ ಕೂಟಗಳಲ್ಲಿ ಮಾತ್ರ. ಇಷ್ಟು ವರ್ಷ ಅವರಿಬ್ಬರ ನಡುವೆ ಇದ್ದದ್ದು ದನಿಯಷ್ಟೇ. ಆ ದನಿ ಈಗ ಇಲ್ಲ.

ಹೊರಗಿನ ಪಡಸಾಲೆಯಲ್ಲಿ ರಾಜಲಕ್ಷ್ಮಿ ತಾನಾಗಿಯೇ ಅವನ ಹತ್ತಿರ ಬಂದಳು. ಅತ್ತು ಅತ್ತು ಮುಖ ಊದಿತ್ತು. “ನೀವ ದ್ಯಾಮಣ್ಣಾರಲ್ರಿ? ನಮ್ಮನಿಯವ್ರ ಬಾಯಾಗ ದಿನಾ ನಿಮ್ಮದ ಮಾತಿತ್ತು” ಎಂದಳು. “ಅಣ್ಣಾರ, ಒಂದ್ ಕೇಳ್ತೀನಿ. ನೀವ್ ಆಗ ಲೈನಿನಾಗ ಇದ್ರಂತಲ್ಲ. ಅವ್ರು ಭಾಳ ಹೆದರಿದ್ರೇನ್ರಿ? ಅಲ್ಲಿ ಅಷ್ಟು ದೂರ, ಒಬ್ರ...”

ಪಕ್ಕದಲ್ಲಿದ್ದ ನಿಜಗುಣ ಕಣ್ಣಲ್ಲೇ ಬೇಡ ಎಂದ. ದ್ಯಾಮಣ್ಣ ಅವನ ಕಡೆ ನೋಡಲಿಲ್ಲ.

“ಮೊದ್ಲ ಹೆದರಿದ್ದಿಲ್ಲವ್ವಾ” ಎಂದ. “ನಾ ಹಿಂದ ಬರಾಕತ್ತೀನಿ ಅಂತ ತಿಳಕೊಂಡಿದ್ದ. ಹಂಗಂತ ನಾನ ಸುಳ್ಳ ಹೇಳಿದ್ದೆ. ಅದನ್ನ ನಂಬಿ ಕಾಯ್ಕೋತ ಕುಂತ. ಫೋನ್ ಹಚ್ಚಲಿಲ್ಲ.” ಕಣ್ಣಿನ ಸಂಗತಿ, ಕಾರಿನ ಸಂಗತಿ, ಆರು ತಿಂಗಳ ಕತೆ, ಎಲ್ಲವನ್ನೂ ನಿಂತಲ್ಲೇ ಹೇಳಿದ. ಕೈ ಮುಗಿದ. “ಕಡೀಕ ತಡೀಲಾರದ ಖರೇ ಹೇಳಿಬಿಟ್ಟೆ. ನಾ ಅಲ್ಲಿಲ್ಲ, ಬರಾಂಗಿಲ್ಲ ಅಂದೆ.”

ಹೊಡೆಯುತ್ತಾಳೆಂದು ಅವನು ಮುಖ ಮುಂದೊಡ್ಡಿ ನಿಂತಿದ್ದ. ರಾಜಲಕ್ಷ್ಮಿ ಹೊಡೆಯಲಿಲ್ಲ.

“ಅವ್ರಿಗೂ ಹೇಳಿದ್ರಾ? ಸಾಯೂ ಮುಂದ?”

“ಹೇಳ್ದೆ ತಂಗಿ. ಹಂಗರ ಫೋನ್ ಹಚ್ಯಾನು ಅಂತ...”

“ಅದಕ್ಕೇನಂದ್ರು?”

ದ್ಯಾಮಣ್ಣ ತಲೆ ತಗ್ಗಿಸಿದ. ಆಮೇಲೆ ಆ ಮಾತನ್ನೂ ಹೇಳಿದ. ಹಂಗಾರ ನನ್ನ ಹಿಂದ ಯಾರೂ ಇಲ್ಲ.

ರಾಜಲಕ್ಷ್ಮಿ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಅವಳು ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ತಿಳಿಯದ್ದನ್ನು ಕೇಳುವ ಮಗುವಿನ ದನಿ ಅದಾಗಿತ್ತು.

“ಬರ್ಲಿಕ್ಕತ್ತೀನಿ ಅಂತ ಅನ್ಲಿಕ್ಕೆ ಏನಾಗಿತ್ರಿ ಅಣ್ಣಾರ? ಆರು ತಿಂಗಳು ಸುಳ್ಳು ಹೇಳಿದ್ರಿ. ಇನ್ನೊಂದು ಅರ್ಧ ತಾಸು ಹೇಳ್ಲಿಕ್ಕೆ ಆಗ್ಲಿಲ್ಲಾ?”

ಒಳಗಿನಿಂದ ಮಾನ್ಯಾ “ಅಮ್ಮಾ” ಎಂದು ಕರೆದಳು. ರಾಜಲಕ್ಷ್ಮಿ ಒಳಗೆ ಹೋದಳು. ದ್ಯಾಮಣ್ಣನ ಮುಗಿದ ಕೈ ಇನ್ನೂ ಹಾಗೆಯೇ ಇತ್ತು.